ಸ್ವಯಂಚಾಲಿತ ಚಿಪ್ ಪ್ರೋಗ್ರಾಮಿಂಗ್ ಯಂತ್ರ: ತಂತ್ರಾಂಶದ ಸೆಟ್ಟಿಂಗ್‌ಗಳ ವಿಮರ್ಶೆ

ಕೊಳವೆಬಾವಿ ಮೋಟಾರುಗಳ ಸ್ಟಾರ್ಟರ್‌ಗಳಿಗೆ ನಿಯಂತ್ರಕ ಬೋರ್ಡ್ ತಯಾರಿಸುವ ದಾವಣಗೆರೆಯ ನಮ್ಮ ಸಣ್ಣ ಘಟಕಕ್ಕೆ ತರಿಸಿದ ಈ ಯಂತ್ರವು ಟ್ರೇಯಲ್ಲಿರುವ ಮೈಕ್ರೋಕಂಟ್ರೋಲರ್‌ಗಳನ್ನು (ಬೋರ್ಡನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್‌ಗಳನ್ನು) ಒಂದೊಂದಾಗಿ ಎತ್ತಿ, ಸಾಕೆಟ್‌ನಲ್ಲಿರಿಸಿ, ಪ್ರೋಗ್ರಾಮ್ ಬರೆದು, ಪರಿಶೀಲಿಸಿ, ವಿಫಲವಾದವನ್ನು ಬೇರೆ ಡಬ್ಬಿಗೆ ಹಾಕುತ್ತದೆ. ಯಾಂತ್ರಿಕ ಭಾಗದ ಬಗ್ಗೆ ದೂರಿಲ್ಲ. ಗುಣದೋಷಗಳೆಲ್ಲ ಇರುವುದು ತಂತ್ರಾಂಶದಲ್ಲಿ.

ಟ್ರೇಯ ಅಳತೆಗಳನ್ನು ತುಂಬುವ ಪುಟ ಸರಳವಾಗಿದೆ. ಮೊದಲನೇ ಪಿನ್ನಿನ ದಿಕ್ಕನ್ನು ಟ್ರೇಗೂ ಸಾಕೆಟ್‌ಗೂ ಪ್ರತ್ಯೇಕವಾಗಿ ಸೂಚಿಸಬೇಕಾದರೂ ಚಿತ್ರಸಹಿತ ತೋರಿಸುವುದರಿಂದ ಗೊಂದಲವಾಗುವುದಿಲ್ಲ. ಫೈಲಿನ ಚೆಕ್‌ಸಮ್ (ಫೈಲು ಸರಿಯಾದದ್ದೇ ಎಂದು ತಾಳೆ ನೋಡುವ ಸಂಖ್ಯೆ) ಹೊಂದದಿದ್ದರೆ ಕೆಲಸವೇ ಆರಂಭವಾಗದಂತೆ ತಡೆಯುವ ವ್ಯವಸ್ಥೆ, ಹಳೆಯ ಆವೃತ್ತಿಯ ಫೈಲುಗಳು ಕಂಪ್ಯೂಟರಿನಲ್ಲಿ ರಾಶಿ ಬಿದ್ದಿರುವ ನಮ್ಮಂಥವರಿಗೆ ನಿಜಕ್ಕೂ ಉಪಕಾರಿ.

ನನ್ನ ಮುಖ್ಯ ಆಕ್ಷೇಪ ರಕ್ಷಣೆಯ ಸೆಟ್ಟಿಂಗ್‌ಗಳ ಕುರಿತಾದದ್ದು. ಎಸ್‌ಟಿಎಂ32 ಎಂಬ ಮೈಕ್ರೋಕಂಟ್ರೋಲರ್ ಸರಣಿಯ ಅನೇಕ ಚಿಪ್‌ಗಳಲ್ಲಿ ಓದು-ರಕ್ಷಣೆಯ (ಚಿಪ್ಪಿನೊಳಗಿನ ಪ್ರೋಗ್ರಾಮನ್ನು ಹೊರಗಿನವರು ಓದದಂತೆ ತಡೆಯುವ ವ್ಯವಸ್ಥೆಯ) 1ನೇ ಹಂತದಿಂದ ರಕ್ಷಣೆಯಿಲ್ಲದ ಸ್ಥಿತಿಗೆ ಹಿಂದಿರುಗಿದರೆ ಪ್ರೋಗ್ರಾಮ್ ಇರುವ ಫ್ಲ್ಯಾಶ್ ಮೆಮೊರಿ ಅಳಿಸಿಹೋಗುತ್ತದೆ. 2ನೇ ಹಂತದಿಂದಂತೂ ಹಿಂದಿರುಗುವ ದಾರಿಯೇ ಇಲ್ಲ. ಇಷ್ಟು ವ್ಯತ್ಯಾಸವಿರುವ ಎರಡು ಆಯ್ಕೆಗಳನ್ನು ಯಾವ ಎಚ್ಚರಿಕೆಯೂ ಇಲ್ಲದೆ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟಿರುವುದು ವಿನ್ಯಾಸಕಾರರ ಉದಾಸೀನವೆಂದೇ ಹೇಳಬೇಕು. ಅಳಿಸು, ಖಾಲಿಯಾಗಿದೆಯೇ ಪರೀಕ್ಷಿಸು, ಬರೆ, ಪರಿಶೀಲಿಸು, ಕೊನೆಗೆ ರಕ್ಷಿಸು ಎಂಬ ಅನುಕ್ರಮವನ್ನು ಮಾತ್ರ ಸರಿಯಾಗಿಯೇ ಪಾಲಿಸಲಾಗಿದೆ.

ಪ್ರತಿ ಚಿಪ್ಪಿಗೂ ಯಂತ್ರ ಬರೆಯುವ ಕ್ರಮಸಂಖ್ಯೆಯನ್ನು ವಿದ್ಯುತ್ ಕಡಿತವಾದಾಗ ಉಳಿಸಿಕೊಳ್ಳುವ ಆಯ್ಕೆ ಮೂಲತಃ ನಿಷ್ಕ್ರಿಯವಾಗಿರುತ್ತದೆ (ನಮ್ಮ ಕಡೆಯ ಬೇಸಿಗೆಯನ್ನು ಕಂಡವರಾರೂ ಹೀಗೆ ಮಾಡುತ್ತಿರಲಿಲ್ಲ). ಅದನ್ನು ಸಕ್ರಿಯಗೊಳಿಸದಿದ್ದರೆ ಎರಡು ಬೋರ್ಡ್‌ಗಳಿಗೆ ಒಂದೇ ಸಂಖ್ಯೆ ಬೀಳಬಹುದು. ಜೊತೆಗೊಂದು ಯುಪಿಎಸ್ ಇರುವುದು ಒಳಿತು.

ಕೊಳ್ಳುವವರು ತಮ್ಮ ಚಿಪ್ಪಿನ ಪೂರ್ಣ ಸಂಖ್ಯೆ ಬೆಂಬಲಿತ ಪಟ್ಟಿಯಲ್ಲಿದೆಯೇ ಎಂಬುದನ್ನೂ, ಸವೆದಾಗ ಬದಲಿಸಬೇಕಾದ ಸಾಕೆಟ್‌ನ ಬೆಲೆಯನ್ನೂ ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು.