ಕಾರ್ಡೀಲಿಯಾದ ಎಂಪ್ರೆಸ್: ಪುಟ್ಟ ಮಕ್ಕಳಿದ್ದರೆ ಬುಕ್ ಮಾಡುವ ಮುನ್ನ

ಎಂಪ್ರೆಸ್ ಎಂಬುದು ಕಾರ್ಡೀಲಿಯಾ ಕಂಪನಿಯ ಪ್ರವಾಸಿ ಹಡಗು. ಬೆಂಗಳೂರಿನವರು ಇದನ್ನು ಹತ್ತಲು ಚೆನ್ನೈ, ಮುಂಬೈಯಂಥ ಬಂದರಿಗೆ ಹೋಗಬೇಕು. ಹೊರಡುವ ದಿನವೇ ಬೆಳಗಿನ ರೈಲು ಹಿಡಿಯಬೇಡಿ; ರೈಲು ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿನ ರಾತ್ರಿಯೇ ತಲುಪಿದರೆ ಮಕ್ಕಳಿಗೂ ನಿದ್ದೆ ಆಗಿರುತ್ತದೆ.

ಎಂಪ್ರೆಸ್ 1990ರ ಹಡಗು. ಮಕ್ಕಳಿಗೆ ಓಡಾಡಲು ಜಾಗ ಧಾರಾಳ, ಆದರೆ ಕ್ಯಾಬಿನ್‌ಗಳು ಇಕ್ಕಟ್ಟು. ನಾಲ್ವರಿದ್ದರೆ ಇಬ್ಬರಿಗೆ ಮೇಲಿನ ಬರ್ತ್. ಚಿಕ್ಕ ಮಗುವನ್ನು ಅಲ್ಲಿ ಮಲಗಿಸುವುದು ಕ್ಷೇಮವಲ್ಲ. ಅಗ್ಗದ ಒಳಗಿನ ಕ್ಯಾಬಿನ್ ಬಿಟ್ಟು, ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕಿಟಕಿಯಿರುವುದನ್ನು ಕೇಳಿ. ಅಲ್ಲಿ ತೂಗಾಟ ಕಡಿಮೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. ಆಗ ಚೆನ್ನೈ ಯಾನವನ್ನು ನಾವಂತೂ ಶಿಫಾರಸು ಮಾಡುವುದಿಲ್ಲ.

ಬಂದರಿನಲ್ಲಿ ಕೊಟ್ಟ ದೊಡ್ಡ ಲಗೇಜ್ ಕ್ಯಾಬಿನ್ ಸೇರಲು ಕೆಲವು ಗಂಟೆ ಬೇಕು. ಡೈಪರ್, ಒಂದು ಜೊತೆ ಬಟ್ಟೆ, ಔಷಧಿ, ಈಜುಡುಪು, ಮಕ್ಕಳ ಆಧಾರ್ ಮತ್ತು ಜನನ ಪ್ರಮಾಣಪತ್ರ ಕೈಚೀಲದಲ್ಲೇ ಇರಲಿ. ಶ್ರೀಲಂಕಾ ಯಾನವಾದರೆ ಕೂಸಿಗೂ ಪಾಸ್‌ಪೋರ್ಟ್ ಬೇಕು. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ ಮನೆಯಲ್ಲೇ ಬಿಡಿ: ಬೆಂಕಿಯ ಭಯಕ್ಕೆ ಹಡಗುಗಳಲ್ಲಿ ಇವನ್ನು ತಡೆಯುತ್ತಾರೆ. ಡೈಪರ್ ಹಾಕುವ ಮಕ್ಕಳನ್ನು ಹಡಗಿನ ಕೊಳಗಳಿಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಈಜು ಡೈಪರ್ ಇದ್ದರೂ ಅಷ್ಟೆ. ಮಗುವಿಗೆ ಮೊದಲೇ ಹೇಳಿಟ್ಟರೆ ಅಳು ತಪ್ಪುತ್ತದೆ.

ವಾಂತಿ ತಡೆಯುವ ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳಿಯೇ ಒಯ್ಯಿರಿ. ಪ್ರೊಮೆಥಜಿನ್ ಎಂಬ ವಾಂತಿಯ ಔಷಧಿಯನ್ನು 2 ವರ್ಷದೊಳಗಿನವರಿಗೆ ಕೊಡಲೇಬಾರದು. ಹತ್ತಿದ ಕೂಡಲೇ ಮಗುವಿನ ಅಳತೆಯ ಲೈಫ್ ಜಾಕೆಟ್ ಕೇಳಿ ಪಡೆದು, ತೊಡಿಸಿ ನೋಡಿ.