ಉತ್ಖನನದ ನಕ್ಷೆಗೆ ಡ್ರಾಫ್ಟಿಂಗ್ ಫಿಲ್ಮ್: ಆರು ಬೇಸಿಗೆಗಳ ಬಳಕೆಯ ನಂತರ

ಉತ್ತರ ಇಂಗ್ಲೆಂಡಿನಲ್ಲಿ ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸತೊಡಗಿದ ಗಡಿಗೋಡೆಯ ಸಮೀಪದ ಕೋಟೆಯೊಂದರ ಉತ್ಖನನದಲ್ಲಿ ನಕ್ಷೆ ಬರೆಯಲು ಆರು ಬೇಸಿಗೆಗಳಿಂದ ನಾನು ಬಳಸುತ್ತಿರುವುದು ಪಾಲಿಯೆಸ್ಟರ್ ಡ್ರಾಫ್ಟಿಂಗ್ ಫಿಲ್ಮ್. ಒಂದು ಬದಿ ನುಣುಪಾಗಿಯೂ ಇನ್ನೊಂದು ಬದಿ ತುಸು ತರಿಯಾಗಿಯೂ ಇರುವ ಈ ಅರೆಪಾರದರ್ಶಕ ಹಾಳೆಯ ಕೆಳಗೆ ಗ್ರಾಫ್ ಹಾಳೆಯನ್ನಿಟ್ಟು, ತರಿ ಇರುವ ಬದಿಯಲ್ಲಿ ಪೆನ್ಸಿಲಿನಿಂದ ಬರೆಯಬೇಕು.

ಅಲ್ಲಿನ ಬೇಸಿಗೆಯೆಂದರೆ ಅರ್ಧ ಮಳೆಗಾಲವೇ. ಕಾಗದ ತೇವಕ್ಕೆ ಹಿಗ್ಗುತ್ತದೆ. 1:20ರ ಪ್ರಮಾಣದಲ್ಲಿ ಹಾಳೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಎರಡು ಸೆಂಟಿಮೀಟರ್ ಆಗುವುದರಿಂದ ಆ ಹಿಗ್ಗುವಿಕೆ ಸಣ್ಣ ದೋಷವಲ್ಲ. ಫಿಲ್ಮ್ ಹಿಗ್ಗುವುದಿಲ್ಲ, ಮಳೆಹನಿಯನ್ನು ಒರೆಸಿ ಬರೆಯುತ್ತ ಹೋಗಬಹುದು.

ಆದರೆ ನಾನು ಇದನ್ನು ಬಿಡದಿರುವುದಕ್ಕೆ ಮುಖ್ಯ ಕಾರಣ ಅದರ ಪಾರದರ್ಶಕತೆ. ಗಡಿಕೋಟೆಗಳನ್ನು ಮತ್ತೆ ಮತ್ತೆ ಕೆಡವಿ ಅದೇ ನೆಲದಲ್ಲಿ ಕಟ್ಟುತ್ತಿದ್ದರು. ಹತ್ತಿರದ ವಿಂಡೋಲಾಂಡಾದಲ್ಲಿ ಸುಮಾರು ಕ್ರಿ.ಶ. 85ರಿಂದ ಮೊದಲುಗೊಂಡು ಒಂಬತ್ತು ಕೋಟೆಗಳಾದರೂ ಒಂದರ ಮೇಲೊಂದು ಎದ್ದಿವೆ. ನಾವು ಒಂದೊಂದು ಪದರಕ್ಕೂ ಪ್ರತ್ಯೇಕ ಹಾಳೆ ಬರೆಯುತ್ತೇವೆ. ಸೈನಿಕರ ವಸತಿಯ ಕಲ್ಲುಗೋಡೆಯೊಂದು ನಡುವೆ ಮಾತ್ರ ಕುಸಿದಿದ್ದುದು ನಮ್ಮನ್ನು ಬಹಳ ಕಾಡಿತ್ತು. ಎರಡು ವರ್ಷಗಳ ನಂತರ ಕೆಳಗಿನ ಪದರದ ಹಾಳೆಯ ಮೇಲೆ ಅದರ ಹಾಳೆಯನ್ನಿಟ್ಟು ಗ್ರಿಡ್ಡಿನ ಗುರುತುಗಳನ್ನು ಹೊಂದಿಸಿದಾಗ, ಕುಸಿದ ಭಾಗ ಸರಿಯಾಗಿ ಹಳೆಯ ಕಂದಕವೊಂದರ ಮೇಲೆಯೇ ಬಂದು ನಿಂತಿತು. ಮೆತ್ತನೆಯ ಭರ್ತಿಮಣ್ಣು ಗೋಡೆಯ ಭಾರಕ್ಕೆ ಇಳಿದಿತ್ತು. ಆ ಸಂಜೆಯನ್ನು ನಾನು ಮರೆಯಲಾರೆ.

ಈಗ ಫೋಟೋಗ್ರಾಮೆಟ್ರಿ, ಅಂದರೆ ಹಲವು ಕೋನಗಳಿಂದ ತೆಗೆದ ಫೋಟೋಗಳನ್ನು ಜೋಡಿಸಿ ಅಳತೆ ಪಡೆಯುವ ವಿಧಾನ, ಒಂದೊಂದು ಕಲ್ಲನ್ನೂ ನಿಖರವಾಗಿ ಹಿಡಿದುಕೊಡುತ್ತದೆ, ನಾವೂ ಅದನ್ನು ಬಳಸುತ್ತೇವೆ. ಆದರೂ ಒಣಗಿದೊಡನೆ ಮಾಯವಾಗುವ, ಕರಣೆಯ ತುದಿಗೆ ಮಾತ್ರ ತಿಳಿಯುವ ಎರಡು ಮಣ್ಣುಗಳ ನಡುವಿನ ಗೆರೆ ಎಲ್ಲಿದೆಯೆಂದು ನೆಲದ ಮುಂದೆ ಮಂಡಿಯೂರಿದವರೇ ತೀರ್ಮಾನಿಸಬೇಕು.

ಕೊರತೆಗಳೂ ಇವೆ. ಬಹಳ ಗಟ್ಟಿಯಾದ 6ಎಚ್ ಪೆನ್ಸಿಲಿನ ಗೆರೆ ಸ್ಕ್ಯಾನಿನಲ್ಲಿ ಮಸುಕಾಗುತ್ತದೆ, ಅದಕ್ಕಿಂತ ಮೆದುವಾದ 2ಎಚ್ ಸಂಜೆಯೊಳಗೆ ಕೈಗೆ ಹತ್ತಿ ಕದಡುತ್ತದೆ. ಹೀಗಾಗಿ 4ಎಚ್‌ಗೆ ನಿಂತಿದ್ದೇನೆ. ಒಂದೇ ಕಡೆ ಹಲವು ಸಲ ಅಳಿಸಿದರೆ ತರಿ ಸವೆದು ಗೆರೆ ಮೂಡುವುದೇ ಇಲ್ಲ. ಬೆಲೆ ಕಾಗದಕ್ಕಿಂತ ಬಹಳ ಹೆಚ್ಚು. ಸುತ್ತಿಟ್ಟ ಹಾಳೆಗಳು ಆ ಸುರುಳಿಯನ್ನು ಬಿಡದಿರುವುದರಿಂದ ಅಗಲವಾದ ಡ್ರಾಯರಿನಲ್ಲಿ ಹರಡಿಯೇ ಇಡಬೇಕು. ಹಾಗೆ ಇಟ್ಟಿದ್ದ ಮೊದಲ ಬೇಸಿಗೆಯ ಹಾಳೆಯನ್ನು ಈ ವರ್ಷದ ಹಾಳೆಯ ಮೇಲೆ ಇರಿಸಿ ನೋಡಿದೆ: ನಾಲ್ಕೂ ಮೂಲೆಯ ಗುರುತುಗಳು ಕೂದಲೆಳೆಯಷ್ಟೂ ಸರಿದಿರಲಿಲ್ಲ.