ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇಸ್ಲಾಂ ಧರ್ಮಶಾಸ್ತ್ರ: ಒಂದು ಸೆಮಿಸ್ಟರ್ ಕುಳಿತು ಕೇಳಿದ ಮೇಲೆ

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯವೊಂದರ ಇಸ್ಲಾಂ ಧರ್ಮಶಾಸ್ತ್ರ ಕೇಂದ್ರದಲ್ಲಿ ಅತಿಥಿ ವಿದ್ಯಾರ್ಥಿಯಾಗಿ ಒಂದು ಸೆಮಿಸ್ಟರ್ ಪಾಠ ಕೇಳಿದೆ. ಬೋಧನೆಯ ಮಟ್ಟಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಕುರ್‌ಆನಿನ ಒಂದೇ ವಾಕ್ಯವನ್ನು ಒಂದೂವರೆ ಗಂಟೆ ಓದಿದೆವು. ಪ್ರಾಧ್ಯಾಪಕರು ಅರಬ್ಬಿ ಕ್ರಿಯಾಪದದ ಧಾತುವನ್ನು ಹಲಗೆಯ ಮೇಲೆ ಬರೆದು, ಎರಡು ಹಳೆಯ ವ್ಯಾಖ್ಯಾನಗಳನ್ನು ಅಕ್ಕಪಕ್ಕ ಇಟ್ಟರು. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಆಕ್ಷೇಪವೆತ್ತಿದಾಗ ಅವರು ಪಾಠವನ್ನು ನಿಲ್ಲಿಸಿ ಆ ಸಾಲನ್ನು ಮತ್ತೊಮ್ಮೆ ಓದಿದರು.

ನನ್ನ ದೂರು ಕಚೇರಿಯ ಮಾಹಿತಿಯ ಬಗ್ಗೆ. ಈ ಶಿಕ್ಷಣದ ಕಾನೂನಿನ ಬುಡ ಯಾವುದೆಂದು ಅಲ್ಲಿನ ಕೈಪಿಡಿ ಹೇಳುವುದೇ ಇಲ್ಲ. ಸರ್ಕಾರಿ ಶಾಲೆಗಳಲ್ಲಿ ಧರ್ಮಬೋಧನೆಯು ಆಯಾ ಧಾರ್ಮಿಕ ಸಮುದಾಯದ ತತ್ವಗಳಿಗೆ ಅನುಗುಣವಾಗಿರಬೇಕೆಂದು ಜರ್ಮನ್ ಸಂವಿಧಾನದ 7ನೇ ವಿಧಿ ಹೇಳುತ್ತದೆ. ಆ ಶಿಕ್ಷಕರು ತಯಾರಾಗುವುದು ಇಂಥ ಕೇಂದ್ರಗಳಲ್ಲಿ. ಸಂಬಳ ಕೊಡುವ ಸರ್ಕಾರಕ್ಕೆ ನಂಬಿಕೆ ಯಾವುದೆಂದು ತೀರ್ಮಾನಿಸುವ ಅಧಿಕಾರವಿಲ್ಲ. ಕ್ರೈಸ್ತ ಧರ್ಮಶಾಸ್ತ್ರಕ್ಕೆ ಚರ್ಚುಗಳು ಒಪ್ಪಿಗೆ ಕೊಡುತ್ತವೆ. ಮುಸ್ಲಿಮರಲ್ಲಿ ಚರ್ಚಿನಂಥ ಒಂದೇ ಸಂಸ್ಥೆ ಇಲ್ಲದ್ದರಿಂದ, 2010ರ ಜನವರಿಯಲ್ಲಿ ವಿಜ್ಞಾನ ಮಂಡಳಿಯು (ಉನ್ನತ ಶಿಕ್ಷಣದ ಬಗ್ಗೆ ಸರ್ಕಾರಗಳಿಗೆ ಸಲಹೆ ಕೊಡುವ ಸಂಸ್ಥೆ) ಚರ್ಚಿನ ಬದಲು ಒಪ್ಪಿಗೆ ಕೊಡುವ, ಮುಸ್ಲಿಂ ಪ್ರತಿನಿಧಿಗಳಿರುವ ಸಲಹಾ ಮಂಡಳಿಗಳ ಮಾದರಿಯನ್ನು ಶಿಫಾರಸು ಮಾಡಿತು. ಟ್ಯೂಬಿಂಗೆನ್, ಮ್ಯೂನ್‌ಸ್ಟರ್, ಓಸ್ನಾಬ್ರೂಕ್, ಫ್ರಾಂಕ್‌ಫರ್ಟ್, ಎರ್ಲಾಂಗೆನ್ ಮೊದಲಾದೆಡೆ ಕೇಂದ್ರಗಳು ಬೆಳೆದದ್ದು ಆ ಬಳಿಕ.

ಸಮುದಾಯದ ಒಪ್ಪಿಗೆಗೆ ಎಷ್ಟು ತೂಕವಿದೆಯೆಂಬುದಕ್ಕೆ ಈ ಶಿಫಾರಸಿಗೂ ಮುಂಚಿನ ಮ್ಯೂನ್‌ಸ್ಟರಿನ ಪ್ರಕರಣವೊಂದು ಸಾಕ್ಷಿ. 2008ರಲ್ಲಿ ಅಲ್ಲಿನ ಇಸ್ಲಾಂ ಪ್ರಾಧ್ಯಾಪಕ ಸ್ವೆನ್ ಕಾಲಿಶ್ ಪ್ರವಾದಿ ಮುಹಮ್ಮದರ ಐತಿಹಾಸಿಕತೆಯನ್ನೇ ಸಂಶಯಿಸಿದಾಗ ಮುಸ್ಲಿಂ ಸಂಘಟನೆಗಳು ಸಹಕಾರವನ್ನು ಹಿಂತೆಗೆದುಕೊಂಡವು. ಅದೇ ವರ್ಷ, ಕ್ರೈಸ್ತ ಶ್ರದ್ಧೆಯನ್ನು ಬಿಟ್ಟ ಗ್ಯೋಟಿಂಗೆನ್‌ನ ಧರ್ಮಶಾಸ್ತ್ರ ಪ್ರಾಧ್ಯಾಪಕ ಗೆರ್ಡ್ ಲ್ಯೂಡೆಮನ್ ಅವರ ಪ್ರಕರಣದಲ್ಲಿ, ಧರ್ಮಶಾಸ್ತ್ರ ವಿಭಾಗದಲ್ಲಿ ಬೋಧಕನ ಶೈಕ್ಷಣಿಕ ಸ್ವಾತಂತ್ರ್ಯಕ್ಕೆ ಧಾರ್ಮಿಕ ಸಮುದಾಯದ ಸ್ವಯಂನಿರ್ಣಯದ ಹಕ್ಕು ಮಿತಿ ಹಾಕಬಲ್ಲದೆಂದು ಸಂವಿಧಾನ ನ್ಯಾಯಾಲಯ ಎತ್ತಿಹಿಡಿಯಿತು. ಬೋಧಕರಿಗೇ ಇಂಥ ಮಿತಿ ಇರುವಾಗ ಕಲಿಯುವವರಿಗೆ ಅದನ್ನು ಮೊದಲ ದಿನವೇ ತಿಳಿಸಬೇಡವೇ?

ಶಾಲಾಶಿಕ್ಷಕರಾಗಬಯಸುವವರಿಗಂತೂ ಇದು ಜೀವನೋಪಾಯದ ಪ್ರಶ್ನೆ. ಮ್ಯೂನ್‌ಸ್ಟರ್ ಇರುವ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದಲ್ಲಿ ಪದವಿಯ ಜೊತೆಗೆ 'ಇಜಾಜಾ' ಎಂಬ ಬೋಧನಾ ಅನುಮತಿಯೂ ಬೇಕು. ನಮ್ಮ ಕಡೆಯ ಉರ್ದುವಿನ 'ಇಜಾಜತ್' ಇದೇ ಪದ, ಅರ್ಥವೂ ಅಪ್ಪಣೆಯೇ. ನಾನಿದ್ದ ಕೇಂದ್ರದ ಕಚೇರಿಯಲ್ಲಿ ಇಂಥ ಅನುಮತಿಯನ್ನು ಕೊಡುವವರು ಯಾರೆಂದು ಎರಡು ಸಲ ಕೇಳಿದರೂ ಉತ್ತರ ಸಿಗಲಿಲ್ಲ. ಆಕ್ಷೇಪವೆತ್ತಿದ ಆ ವಿದ್ಯಾರ್ಥಿನಿಗೆ ಅದರ ವಿಷಯ ತಿಳಿದದ್ದೇ ಮೂರನೆಯ ವರ್ಷದಲ್ಲಂತೆ.

ಮುಂದಿನ ಸೆಮಿಸ್ಟರಿಗೂ ಹೆಸರು ಕೊಟ್ಟಿದ್ದೇನೆ. ಪದವಿಗೆ ಸೇರುವವರು ಅರ್ಜಿ ತುಂಬುವ ಮುನ್ನ ಸಲಹಾ ಮಂಡಳಿಯ ನಿಯಮಾವಳಿಯನ್ನು ಲಿಖಿತವಾಗಿ ಕೇಳಿ ಪಡೆದುಕೊಳ್ಳಲಿ.